ಮೂರು ತುಂಬುವವರೆಗೆ

೧೧ ಅಕ್ಟೋಬರ್ ೨೦೧೫

ಪ್ರೀತಿಯ ಮರಿ,

ಈ ಮಾತನ್ನು ಬರೆಯದೆಯೇ ಲಕೋಟೆ ಅಂಟಿಸಿಬಿಡುವುದರಲ್ಲಿದ್ದೆ: ನಿನ್ನ ಮಗಳು ಕಳಿಸಿದ ಚಿತ್ರವನ್ನು ನಾನು ಕ್ಲಿನಿಕ್ಕಿನ ಗೋಡೆಗೆ ಹಚ್ಚಿಲ್ಲ. ಹಚ್ಚಿದ್ದೇನೆ ಎಂದು ಹೋದ ಪತ್ರದಲ್ಲಿ ಬರೆದದ್ದು ಸುಳ್ಳು. ಗೋಡೆಗೆ ಬಣ್ಣ ಹೊಡೆಯುತ್ತಿದ್ದಾರೆ, ಮುಗಿಯಲಿ, ನೋಡೋಣ. ಸದ್ಯಕ್ಕೆ ಅದು ನನ್ನ ಅಡುಗೆಮನೆಯ ಬಾಗಿಲ ಮೇಲಿದೆ. ಕಡಲೆಬೀಜಕ್ಕೆ ಮಿಡತೆ ಕಾಲು, ಮೀಸೆ, ಕಳ್ಳಗಣ್ಣು ಎಲ್ಲ ಬರೆದಿದ್ದಾಳೆ. ಕೆಳಗೆ ಕೆಂಪಕ್ಷರದಲ್ಲಿ, ‘ಪಾಪುಗಳಿಗೆ ಮೂರು ವರ್ಷ ತುಂಬುವವರೆಗೆ ಇವನನ್ನು ಮನೆಗೆ ಸೇರಿಸಬೇಡಿ’. ಆ ಸಾಲು ಅವಳದ್ದೋ, ನೀನು ಹೇಳಿಕೊಟ್ಟದ್ದೋ?

ಇಲ್ಲಿ ಕೆಲಸಕ್ಕೆ ತಲೆ ಎತ್ತಲು ಬಿಡುವಿಲ್ಲ. ನಾನು ದಾದಿಯಾಗಿ ಸೇರಿದ ಹೊಸತರಲ್ಲಿ ಕಡಲೆಬೀಜದ ಅಲರ್ಜಿ ಇರುವ ಮಗು ಅಂದರೆ ವರ್ಷಕ್ಕೊಂದು; ಎಲ್ಲರೂ ಸರದಿಯಲ್ಲಿ ಹೋಗಿ ನೋಡಿ ಬರುತ್ತಿದ್ದೆವು. ಈಗ ಅಂಥ ಮಕ್ಕಳ ಕಾರ್ಡಿಗೆ ಅಂಟಿಸುವ ಕಿತ್ತಳೆ ಚೀಟಿಯ ಸುರುಳಿ ಆಗಾಗ ಮುಗಿದುಹೋಗುತ್ತದೆ. ಎದುರಿನ ಶಾಲೆಯ ಊಟದ ಕೋಣೆಯಲ್ಲಿ ಅಂಥವರಿಗೆಂದೇ ಬೇರೆ ಮೇಜು ಹಾಕಿದ್ದಾರೆ. ಅಡುಗೆಯವಳ ಒಲೆಯ ಪಕ್ಕ ಗುರುತಿಗೆಂದು ಹನ್ನೊಂದು ಮಕ್ಕಳ ಫೋಟೋ. ಮೊಮ್ಮಕ್ಕಳನ್ನು ಎತ್ತಿಕೊಂಡು ಬರುವ ಅಜ್ಜಿಯರು, ‘ನಾವು ಮುಷ್ಟಿಗಟ್ಟಲೆ ತಿಂದು ಬೆಳೆದವರು, ಈ ಮಕ್ಕಳಿಗೆ ಏನಾಯ್ತು ಸಿಸ್ಟರ್’ ಎಂದು ನನ್ನ ಮೇಲೆ ಕೇಸು ಹಾಕುವವರ ಹಾಗೆ ಕೇಳುತ್ತಾರೆ. ಪೂರ್ತಿ ಯಾರಿಗೂ ಗೊತ್ತಿಲ್ಲ ಅಜ್ಜಿ, ಎನ್ನುತ್ತೇನೆ.

ನಿಮ್ಮನ್ನು ನೋಡಿ ನಾಲ್ಕು ವರ್ಷವಾಯಿತು. ಫೋನಿನಲ್ಲಿ ನೀನು ಹೂಂ ಎನ್ನುತ್ತೀಯ. ನಿನ್ನ ಹೂಂನಿಂದ ನನಗೆ ಏನೂ ತಿಳಿಯುವುದಿಲ್ಲ. ಪತ್ರದಲ್ಲಾದರೆ ಮಧ್ಯೆ ಹೊಡೆದುಹಾಕಿದ ಸಾಲು ಕಾಣುತ್ತದೆ. ಈ ಸಲವೂ ರಜೆ ಸಿಗಲಿಲ್ಲ.

ನಿನ್ನ ಅಕ್ಕ


೨ ನವೆಂಬರ್ ೨೦೧೫

ಅಕ್ಕಾ,

ರಜೆ ಸಿಗಲಿಲ್ಲ ಎನ್ನುವುದನ್ನು ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ನನಗೆ ಕಾರಣ ಗೊತ್ತು, ನೀನು ಸಂಕೋಚ ಪಡಬೇಡ. ನಮ್ಮ ಮನೆಗೆ ಬರುವವರು ಬಾಗಿಲಲ್ಲೇ ಕೈ ತೊಳೆಯಬೇಕು, ಬ್ಯಾಗು ಹೊರಗಿಡಬೇಕು, ದಾರಿಯಲ್ಲಿ ತಿಂದದ್ದನ್ನು ಪರೀಕ್ಷೆಗೆ ಕೂತವರ ಹಾಗೆ ಒಪ್ಪಿಸಬೇಕು. ಇವರ ಕಡೆಯವರು ಬರುವುದನ್ನೇ ಬಿಟ್ಟರು. ನೀನೂ ದಣಿದಿರಬಹುದು. ಕ್ಲಿನಿಕ್ಕಿನಲ್ಲೂ ಇದೇ, ತಂಗಿಯ ಮನೆಯಲ್ಲೂ ಇದೇ ಅಂದರೆ ಯಾರಿಗೆ ಬೇಕು.

ನಾನು ಈಗಲೂ ಕನ್ನಡಕದ ಅಂಗಡಿಯಲ್ಲೇ ಇದ್ದೇನೆ, ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ. ಅಲ್ಲಿನ ಹಳೆಯ ಭೂತಗನ್ನಡಿ ಒಂದನ್ನು ನನ್ನ ಚೀಲಕ್ಕೆ ಹಾಕಿಕೊಂಡಿದ್ದೇನೆ, ಪೊಟ್ಟಣಗಳ ಮೇಲಿನ ಇರುವೆಯಕ್ಷರ ಓದಲು. ಮೊನ್ನೆ ಬಿಸ್ಕತ್ತಿನ ಅಂಗಡಿಯಲ್ಲಿ ಮಗಳು ಮಿಡತೆ ಎಲ್ಲರ ಎದುರು ಹೇಳಿದಳು: ‘ಅಮ್ಮ, ನೀನು ನನ್ನ ಮಾರ್ಕ್ಸ್ ಕಾರ್ಡನ್ನೂ ಇಷ್ಟು ಚೆನ್ನಾಗಿ ಓದಲ್ಲ.’

ಈಗ ಸುದ್ದಿ. ನನಗೆ ನಾಲ್ಕು ತಿಂಗಳು. ಮೂವತ್ತೊಂಬತ್ತರಲ್ಲಿ ಇದೇನು ಎಂದು ನಗಬೇಡ. ಇವರು ಸುದ್ದಿ ಕೇಳಿದ ನಾಲ್ಕನೆಯ ದಿನ ಬಸ್ ಡಿಪೋದಿಂದ ಬರುವಾಗ ಹಳೆಯ ತೊಟ್ಟಿಲಿಗೆಂದು ಸ್ಕ್ರೂ ತಂದರು.

ಹಾಗಾಗಿ ಒಂದು ವಿಷಯ ನಿನಗೆ ಹೇಳಲೇಬೇಕು. ಮಿಡತೆ ಹೊಟ್ಟೆಯಲ್ಲಿದ್ದಾಗ ನೀನು ಪತ್ರ ಬರೆದಿದ್ದೆ: ನೀನೂ ತಿನ್ನಬೇಡ, ಮಗುವಿಗೂ ಮೂರು ತುಂಬುವವರೆಗೆ ಕೊಡಬೇಡ. ಆ ಪತ್ರ ಈಗಲೂ ಅಲಮಾರಿನ ಬಾಗಿಲ ಒಳಗೆ ಅಂಟಿಸಿಯೇ ಇದೆ. ಆದರೆ ಐದನೇ ತಿಂಗಳಲ್ಲಿ ನನ್ನ ಕೈಲಿ ಆಗಲಿಲ್ಲ. ಒಂದು ವಾರ, ದಿನಾ ಮಧ್ಯಾಹ್ನ, ಅಂಗಡಿಯ ಹಿಂದೆ ನಿಂತು ಹುರಿದ ಬೀಜ ತಿಂದೆ. ಇವರಿಗೂ ಹೇಳಿಲ್ಲ. ಮಿಡತೆಯ ಮೂರನೇ ಹುಟ್ಟುಹಬ್ಬದ ದಿನ ನೀನು ಹೇಳಿದ ಗಡುವು ಮುಗಿಯಿತೆಂದು ಖುಷಿಯಲ್ಲಿ ಅರ್ಧ ಚಮಚ ಬೀಜದ ಪೇಸ್ಟ್ ನಾನೇ ಬಾಯಿಗಿಟ್ಟೆ. ತುಟಿ ಊದಿ, ದನಿ ಕಟ್ಟಿ, ಇವರು ಕೆಟ್ಟ ಬಸ್ಸು ಎಳೆಯುವ ಗಾಡಿಯಲ್ಲಿ ಆಸ್ಪತ್ರೆಗೆ ಓಡಿಸಿದಾಗ ನನ್ನ ತಲೆಯಲ್ಲಿ ಇದ್ದದ್ದು ಆ ಒಂದು ವಾರ. ಆರು ವರ್ಷದಿಂದ ಅದೇ ಇದೆ. ನಾನು ತಿಂದೆ, ಅವಳು ಅನುಭವಿಸುತ್ತಿದ್ದಾಳೆ.

ಈ ಸಲ ಹಾಗಾಗಬಾರದು. ಈ ಮಗುವಿಗೆ ಮೂರಲ್ಲ, ಐದು ತುಂಬುವವರೆಗೆ ಬೀಜದ ಗಾಳಿಯೂ ಸೋಕಬಾರದು. ಆಗ ಬರೆದ ಹಾಗೆ ಎಲ್ಲವನ್ನೂ ಇನ್ನೊಮ್ಮೆ ಬರೆದು ಕಳಿಸು. ಒಂದಕ್ಷರ ತಪ್ಪುವುದಿಲ್ಲ.

ನಿನ್ನ ಮರಿ


೧೭ ಜನವರಿ ೨೦೧೬

ಪ್ರೀತಿಯ ಮರಿ,

ಹತ್ತು ವಾರ ತಡವಾಯಿತು. ಫೋನಿನಲ್ಲಿ ‘ಬರೀತಿದೀನಿ, ಬರೀತಿದೀನಿ’ ಎಂದದ್ದು ಒಂದು ರೀತಿ ನಿಜವೇ. ಐದು ಸಲ ಬರೆದು ಹರಿದೆ. ಮೊದಲನೆಯದು ಇಂಗ್ಲಿಷಿನಲ್ಲಿತ್ತು. ನಾವು ಓದಿದ ಶಾಲೆ ಕಲಿಸಿದ ಅನುಕೂಲ ಅದು: ‘ಗೈಡ್‌ಲೈನ್ಸ್ ಹ್ಯಾವ್ ಚೇಂಜ್ಡ್’ ಎಂದು ಬರೆದರೆ ಯಾರೂ ಏನೂ ಮಾಡಿಲ್ಲದ ಹಾಗೆ, ಹವಾಮಾನ ಬದಲಾದ ಹಾಗೆ ಕೇಳಿಸುತ್ತದೆ. ಕನ್ನಡದಲ್ಲಿ ಬರೆಯಲು ಕೂತರೆ, ಯಾರು ಹೇಳಿದ್ದು, ಯಾರಿಗೆ ಹೇಳಿದ್ದು ಎಂದು ಕಾಗದವೇ ಕೇಳುತ್ತದೆ.

ಮೊದಲು ಆ ಒಂದು ವಾರದ ವಿಷಯ. ಅದನ್ನು ಇವತ್ತೇ ಕೆಳಗಿಳಿಸು. ಗರ್ಭಿಣಿ ಬೀಜ ತಿಂದದ್ದರಿಂದ ಮಗುವಿಗೆ ಹೀಗಾಗುತ್ತದೆ ಎಂದು ಯಾರೂ ತೋರಿಸಿಲ್ಲ. ತಿನ್ನಬೇಡಿ ಎಂದು ಈಗ ಯಾವ ತಾಯಿಗೂ ನಾವು ಹೇಳುವುದಿಲ್ಲ.

ಎರಡನೆಯದು. ಮೂರು ತುಂಬುವವರೆಗೆ ಕಾಯಿರಿ ಎನ್ನುವ ಮಾತನ್ನೂ ಈಗ ಹೇಳುವುದಿಲ್ಲ. ಹೋದ ವರ್ಷ ದೊಡ್ಡದೊಂದು ಅಧ್ಯಯನ ಬಂತು. ಅಪಾಯ ಹೆಚ್ಚಿದ್ದ ನೂರಾರು ಕೂಸುಗಳಲ್ಲಿ ಅರ್ಧದಷ್ಟಕ್ಕೆ ಮೊದಲ ವರ್ಷದೊಳಗೇ ಕಡಲೆಬೀಜ ಕೊಡಲು ಶುರುಮಾಡಿದರು, ಉಳಿದರ್ಧವನ್ನು ದೂರವಿಟ್ಟರು. ಅವಕ್ಕೆ ಐದು ವರ್ಷ ತುಂಬಿದಾಗ ನೋಡಿದರೆ, ಅಲರ್ಜಿ ಬಂದದ್ದು ದೂರವಿಟ್ಟ ಮಕ್ಕಳಲ್ಲೇ ಎಷ್ಟೋ ಹೆಚ್ಚು. ಬಾಯಿಯ ಮೂಲಕ ಮೊದಲೇ ಪರಿಚಯವಾದರೆ ದೇಹ ಅದನ್ನು ಆಹಾರವೆಂದು ಒಪ್ಪಿಕೊಳ್ಳುತ್ತದಂತೆ. ನಾವು ಪರಿಚಯವೇ ಆಗದಂತೆ ಬಾಗಿಲು ಹಾಕಿಸಿದೆವು. ನಾವು ಎಂದು ಬರೆದೆ. ನಿನ್ನ ಮನೆಯ ಬಾಗಿಲು ಹಾಕಿಸಿದ್ದು ನಾನು. ಚಿತ್ರವನ್ನು ಗೋಡೆಗೆ ಹಚ್ಚದಿರಲು ಕಾರಣ ಬಣ್ಣವಲ್ಲ. ಗೋಡೆಯ ಮೇಲೆ ಈಗ ಅದಕ್ಕೆ ತದ್ವಿರುದ್ಧವಾದ ಕಾಗದವಿದೆ, ನಾನೇ ಅಂಟಿಸಿದ್ದು. ದಿನಾ ಎಂಟು ಹತ್ತು ತಾಯಂದಿರಿಗೆ ಅದನ್ನು ವಿವರಿಸುತ್ತೇನೆ. ನಿನಗೆ ಒಬ್ಬಳಿಗೆ ಹೇಳಲು ಇಷ್ಟು ದಿನ ಬೇಕಾಯಿತು.

ಬರುವ ಮಗುವಿಗೆ ಐದು ವರ್ಷದ ಗಡುವು ಹಾಕಬೇಡ, ಕೈ ಮುಗಿಯುತ್ತೇನೆ. ಅದರ ಅಕ್ಕ ಮಿಡತೆಗೆ ಅಲರ್ಜಿ ಇರುವುದರಿಂದ ಮನೆಯಲ್ಲಿ ನೀನಾಗಿಯೇ ಏನೂ ಪ್ರಯೋಗ ಮಾಡಲೂಬೇಡ. ನಾಲ್ಕು ತಿಂಗಳಿಗೆ ಅಲರ್ಜಿ ಡಾಕ್ಟರಿಗೆ ತೋರಿಸು. ಪರೀಕ್ಷೆ ಮಾಡಿ, ಸರಿ ಇದ್ದರೆ ಮೊದಲ ಚಮಚ ಅವರ ಎದುರಿಗೇ ಆಗಲಿ. ನನ್ನ ಮಾತು ನಂಬಬೇಡ, ಅವರನ್ನು ಕೇಳು.

ಹಳೆಯ ಪತ್ರವನ್ನು ಅಲಮಾರಿನಿಂದ ತೆಗೆದುಬಿಡು.

ಅಕ್ಕ


೯ ಫೆಬ್ರುವರಿ ೨೦೧೬

ಅಕ್ಕಾ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಓದಿದೆ. ಗಾಜು ಉಜ್ಜುವ ಯಂತ್ರ ಹಾಕಿಕೊಂಡೇ ಅತ್ತೆ. ಅದರ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಮಾಲೀಕರು ಬಂದು, ಕಣ್ಣಿಗೆ ಪುಡಿ ಹೋಯಿತೇನಮ್ಮ, ಅದಕ್ಕೇ ಕನ್ನಡಕ ಹಾಕಿಕೊಳ್ಳಿ ಅನ್ನೋದು ಎಂದು ಬೈದು ಹೋದರು.

ಆರು ವರ್ಷದ ಮೇಲೆ ಮಿಡತೆಯ ಮುಖವನ್ನು ಲೆಕ್ಕವಿಲ್ಲದಷ್ಟು ಹೊತ್ತು ನೋಡಿದೆ. ನಾನಲ್ಲ, ನಾನಲ್ಲ ಅಂದುಕೊಂಡೆ. ಅವಳು ‘ಏನಮ್ಮ, ಮೂಗಿಗೆ ಏನಾದ್ರೂ ಅಂಟಿದ್ಯಾ’ ಅಂದಳು.

ಆಮೇಲೆ ಸ್ವಲ್ಪ ಸಿಟ್ಟು ಬಂತು. ನಿನ್ನ ಮೇಲಲ್ಲ ಎಂದು ಹೇಳಲಾರೆ. ಸಂಜೆ ಇವರಿಗೆ ಎಲ್ಲ ಓದಿ ಹೇಳಿದೆ, ಆ ಒಂದು ವಾರವನ್ನೂ ಸೇರಿಸಿ. ಇವರು ತೊಟ್ಟಿಲಿನ ಕಾಲು ತಿರುಪುತ್ತಾ ಕೂತಿದ್ದವರು ತಲೆ ಎತ್ತದೆ ಹೇಳಿದರು: ‘ನಿಮ್ಮಕ್ಕ ಡಾಕ್ಟರೂ ಅಲ್ಲ, ದೇವರೂ ಅಲ್ಲ. ಆಗ ಕಾಗದದಲ್ಲಿ ಏನಿತ್ತೋ ಅದನ್ನ ಹೇಳಿದ್ರು. ಕಾಗದ ಬದಲಾಗಿದ್ದು ಆಮೇಲೆ ತಾನೇ?’

ಅದು ಸರಿ ಅನ್ನಿಸಿತು. ನಿನಗೆ ಗೊತ್ತಿದ್ದದ್ದನ್ನು ನೀನು ಹೇಳಿದೆ. ಗೊತ್ತಿಲ್ಲದ್ದಕ್ಕೆ ಯಾರನ್ನು ಬೈಯುವುದು? ನಾಲ್ಕು ವರ್ಷದಿಂದ ನೀನು ಬರದಿರುವುದು ನಮ್ಮ ಮನೆಯ ಕಟ್ಟುಪಾಡಿಗೆ ಹೆದರಿ ಅಂದುಕೊಂಡಿದ್ದೆ. ಹೆದರಿದ್ದು ನನಗೆ, ಅಲ್ಲವೇ? ಹುಚ್ಚಿ. ಒಬ್ಬರಿಗೊಬ್ಬರು ಹೆದರಿಕೊಂಡು ಇಬ್ಬರೂ ಕೂತಿದ್ದೆವು.

ಏಪ್ರಿಲ್ ನಡುವಿಗೆ ಹೆರಿಗೆ ಅಂದಿದ್ದಾರೆ. ಮಾರ್ಚ್ ಕೊನೆಗೇ ಬಂದುಬಿಡು. ಹಿಂದಿನ ಕೋಣೆ ತೊಳೆಸಿದ್ದೇನೆ, ಕಿಟಕಿಗೆ ನೀಲಿ ಪರದೆ ಹಾಕಿದ್ದೇನೆ, ಮಂಚದ ನಿನ್ನ ಕಡೆಗೆ ದೀಪ ಇಟ್ಟಿದ್ದೇನೆ. ಅಮ್ಮ ಇಲ್ಲದ ಮನೆಯಲ್ಲಿ ಹೆರಿಗೆಯ ಹೊತ್ತಿಗೆ ಇನ್ನು ಯಾರಿದ್ದಾರೆ ನನಗೆ? ಬಿಸಿನೀರು ಕಾಯಿಸಿ, ‘ಸುಮ್ಮನೆ ಮಲಗೇ’ ಎಂದು ಗದರುವವರು ಬೇಕು. ಇವರಿಗೆ ಗದರಲು ಬರುವುದಿಲ್ಲ.

ಮರಿ


೨೦ ಫೆಬ್ರುವರಿ ೨೦೧೬

ಮರಿ,

ಟಿಕೆಟ್ ಮಾಡಿಸಿದೆ. ಆಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೂ ಬಾ ಎಂದರೆ ಬರುತ್ತೇನೆ.

‘ಕಾಗದ ಬದಲಾಗಿದ್ದು ಆಮೇಲೆ ತಾನೇ’ ಎಂದು ನಿನ್ನವರು ಕೇಳಿದರು. ಹೌದು ಎನ್ನಲು ಆಗುತ್ತಿಲ್ಲ.

ಕೊಡಿ ಎಂದು ಹೇಳಿದ ಕಾಗದ ಹೋದ ವರ್ಷದ್ದು. ಆದರೆ ೨೦೦೮ರ ಆಗಸ್ಟ್‌ನಲ್ಲಿ ನಮ್ಮ ಕ್ಲಿನಿಕ್ಕಿಗೆ ಒಂದೂವರೆ ಪುಟದ ಸುತ್ತೋಲೆ ಬಂದಿತ್ತು. ಮೂರು ವರ್ಷ ಕಾಯಿಸುವುದರಿಂದ ಉಪಯೋಗವಿದೆ ಎನ್ನಲು ಆಧಾರವಿಲ್ಲ, ಆ ಸಲಹೆಯನ್ನು ಹಿಂತೆಗೆದುಕೊಳ್ಳಲಾಗಿದೆ. ಮೈಮೇಲೆ ತೀವ್ರವಾದ ಕೆರೆತ, ಗಂಧೆ ಇರುವ ಮಕ್ಕಳಿಗೆ ಮೊದಲ ಸಲ ಕೊಡುವ ಮುನ್ನ ವೈದ್ಯರನ್ನು ಕಾಣಲು ಹೇಳಿ, ಎಂದಿತ್ತು. ನಾನು ಓದಿ ಸಹಿ ಹಾಕಿದೆ. ಸಹಿ ಹಾಕುವಾಗ ಮಿಡತೆಯ ಮೊಣಕೈ ನೆನಪಾಯಿತು. ಸದಾ ಕೆರೆದು ಕೆರೆದು ಕೆಂಪಾಗಿರುತ್ತಿತ್ತಲ್ಲ. ಆಗ ಅವಳಿಗೆ ಎರಡು ವರ್ಷ ಎರಡು ತಿಂಗಳು. ನೀನು ಚಮಚ ಹಿಡಿಯುವುದಕ್ಕೆ ಇನ್ನೂ ಹತ್ತು ತಿಂಗಳಿತ್ತು.

ಆ ಹತ್ತು ತಿಂಗಳಲ್ಲಿ ನಿನಗೆ ನಾಲ್ಕು ಪತ್ರ ಬರೆದಿದ್ದೇನೆ. ಒಂದರಲ್ಲೂ ಇದಿಲ್ಲ. ಯಾಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಸುತ್ತೋಲೆ ಹೀಗೆ ಮಾಡಿ ಎನ್ನಲಿಲ್ಲ, ಹಾಗೆ ಹೇಳಬೇಡಿ ಎಂದಿತ್ತು ಅಷ್ಟೇ, ಅದೊಂದು ಉತ್ತರ. ಕಾದರೆ ಕಳೆದುಕೊಳ್ಳುವುದೇನು ಅಂದುಕೊಂಡೆ, ಅದೂ ನಿಜ. ಆದರೆ ಅವೆರಡರ ಕೆಳಗೆ ಇನ್ನೊಂದಿದೆ. ನಿನ್ನ ಅತ್ತೆ ಅಷ್ಟೆಲ್ಲ ಹಂಗಿಸಿದರೂ, ‘ನಮ್ಮಕ್ಕ ಹೇಳಿದ್ದಾಳೆ’ ಎಂದು ನೀನು ಪಟ್ಟು ಹಿಡಿದಿದ್ದೆ. ನಾನು ಹೇಳಿದ್ದು ತಪ್ಪಿರಬಹುದು ಎಂದು ಬರೆಯಲು ನನಗೆ ನಾಚಿಕೆಯಾಯಿತು.

ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಅಕ್ಕ


೬ ಮಾರ್ಚ್ ೨೦೧೬

ಅಕ್ಕ,

ಬರಬೇಡ.

ಮಗುವಿಗೆ ಆರು ತಿಂಗಳು ತುಂಬುವವರೆಗೆ ಪತ್ರವನ್ನೂ ಬರೆಯಬೇಡ, ಫೋನೂ ಮಾಡಬೇಡ. ಹುಟ್ಟಿದ ಸುದ್ದಿಯನ್ನು ಇವರು ತಿಳಿಸುತ್ತಾರೆ. ಈ ಮಗುವಿನ ಮೊದಲ ಆರು ತಿಂಗಳು ನನಗೆ ಡಾಕ್ಟರ ಮಾತು ಮತ್ತು ನನ್ನ ಕಣ್ಣು ಸಾಕು.

ಅವತ್ತು ಆ ಗಾಡಿಯಲ್ಲಿ ಅವಳು ನನ್ನನ್ನು ನೋಡಿದ್ದನ್ನು ನೀನು ನೋಡಿಲ್ಲ. ವೈದ್ಯರ ಎದುರಿಗೇ ಕೊಟ್ಟಿದ್ದರೆ ಆ ನೋಟ ಒಂದಾದರೂ ಇರುತ್ತಿರಲಿಲ್ಲ.

ಟಿಕೆಟ್ ವಾಪಸು ಮಾಡು. ಹಿಂದಿನ ಕೋಣೆಯಲ್ಲಿ ತೊಟ್ಟಿಲು ಇಡುತ್ತೇವೆ.


೨೮ ಆಗಸ್ಟ್ ೨೦೧೬

ದೊಡ್ಡಮ್ಮ,

ಅಮ್ಮ ಬರೀಬೇಡ ಅಂದಿದ್ದು ನಿನಗೆ. ನನಗೆ ಅಂದಿಲ್ಲ. ಸ್ಟಾಂಪ್ ಅಪ್ಪ ಕೊಟ್ಟರು, ಯಾಕೆ ಅಂತ ಕೇಳಲಿಲ್ಲ. ನೀನು ಉತ್ತರ ಬರೆಯೋ ಹಾಗಿಲ್ಲ ಅಂತ ನನಗೆ ಗೊತ್ತು, ಸುಮ್ಮನೆ ಓದು.

ಪಾಪು ಏಪ್ರಿಲ್ ೧೯ಕ್ಕೆ ಹುಟ್ಟಿತು ಅಂತ ಅಪ್ಪ ಹೇಳಿರ್ತಾರೆ. ತಂಗಿ. ತಲೆಗೂದಲು ಅರ್ಧ ಮಾತ್ರ ಇದೆ, ಬ್ಯಾಂಕಿನ ಮ್ಯಾನೇಜರ್ ಹಾಗೆ. ಹೋದ ವಾರ ಅವಳ ಕೈಮೇಲೆ ಡಾಕ್ಟರ್ ಚುಕ್ಕಿ ಚುಕ್ಕಿ ಹಾಕಿ ಸೂಜಿ ತಾಗಿಸಿದರು. ಏನೂ ಊದಲಿಲ್ಲ. ಆಮೇಲೆ ಅಲ್ಲೇ ಒಂದು ಚೂರು ಪೇಸ್ಟನ್ನು ನೀರಲ್ಲಿ ಕಲಸಿ ತಿನ್ನಿಸಿದರು. ಅವಳು ಉಗಿದಳು. ಇನ್ನೊಂದು ಸಲ ತಿನ್ನಿಸಿದರು, ನುಂಗಿದಳು. ಎರಡು ಗಂಟೆ ಕೂರಿಸಿದರು, ಏನೂ ಆಗಲಿಲ್ಲ. ಅಮ್ಮ ಆ ಎರಡು ಗಂಟೆ ಕೂರಲೇ ಇಲ್ಲ.

ಈಗ ವಾರಕ್ಕೆ ಮೂರು ದಿನ ಕೊಡಬೇಕು. ಮನೆಯಲ್ಲಿ ನಾನಿದೀನಲ್ಲ, ಅದಕ್ಕೆ ಅಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ತಿನ್ನಿಸ್ತಾಳೆ. ಮೇಲೆ ಹಾಕ್ಕೊಳ್ಳೋಕೆ ಬೇರೆ ಅಂಗಿ ಇಟ್ಟಿದ್ದಾಳೆ. ಆಮೇಲೆ ಪಾಪು ಮುಖ ತೊಳೆದು, ಕೈ ತೊಳೆದು, ಅಂಗಿ ಬದಲಾಯಿಸಿ ಹೊರಗೆ ಬರ್ತಾಳೆ. ಅಲ್ಲಿವರೆಗೆ ನಾನು ಮುಂದಿನ ಕೋಣೆಯ ಬೆಂಚಿನ ಮೇಲೆ. ಮಧ್ಯೆ ಗಾಜಿನ ಬಾಗಿಲು ಇದೆ, ಎಲ್ಲ ಕಾಣತ್ತೆ. ಪಾಪು ಚಮಚ ನೋಡಿದರೆ ಕಾಲು ಬಡೀತಾಳೆ. ನಾನು ಕೈ ಬೀಸಿದರೆ ನನ್ನ ಕಡೆ ನೋಡಲ್ಲ, ಚಮಚಾನೇ ನೋಡ್ತಾಳೆ, ಹೊಟ್ಟೆಬಾಕಿ.

ಅಮ್ಮ ನನಗೆ ಎಲ್ಲ ಹೇಳಿದಳು, ನಿನ್ನ ಸುತ್ತೋಲೆ ಕತೆ ಕೂಡ. ನಾನು ಹೊಟ್ಟೇಲಿದ್ದಾಗ ತಾನು ಕದ್ದು ತಿಂದಿದ್ದೂ ಹೇಳಿದಳು. ಇನ್ನು ಈ ಮನೇಲಿ ಯಾರೂ ಏನನ್ನೂ ಮುಚ್ಚಿಡಬಾರದಂತೆ. ಹಾಗಾದರೆ ನಾನೂ ಒಂದು ಕೇಳ್ತೀನಿ. ನೀನು ಅವಾಗಲೇ ಹೇಳಿದ್ದಿದ್ರೆ ನಾನೂ ಗಾಜಿನ ಒಳಗಡೆ ಇರ್ತಿದ್ನಾ?

ಉತ್ತರ ಅಮ್ಮನಿಗೆ ಬರಿ, ಟೈಮ್ ಆದಮೇಲೆ. ನಾನು ಕಾಯ್ತೀನಿ. ನನಗೆ ಕಾದು ಅಭ್ಯಾಸ ಇದೆ.

ಮಿಡತೆ


೨ ಅಕ್ಟೋಬರ್ ೨೦೧೬

ಪ್ರೀತಿಯ ಮರಿ,

ನಿನ್ನ ಮಗಳು ನನಗೊಂದು ಪತ್ರ ಬರೆದಿದ್ದಾಳೆ. ನಿನಗೆ ಗೊತ್ತಿಲ್ಲದೆ ನಾನು ಅವಳಿಗೆ ಉತ್ತರಿಸಿಲ್ಲ, ಉತ್ತರಿಸುವುದೂ ಇಲ್ಲ. ಅವಳ ಪತ್ರವನ್ನು ಇದರ ಜೊತೆ ಇಡುತ್ತಿದ್ದೇನೆ. ಅವಳನ್ನು ಬೈಯಬೇಡ. ಏನನ್ನೂ ಮುಚ್ಚಿಡಬಾರದೆಂದು ನೀನೇ ಹಾಕಿದ ನಿಯಮವನ್ನು ಅವಳು ಪಾಲಿಸಿದ್ದಾಳೆ.

ಐದು ವಾರದಿಂದ ಅವಳ ಪ್ರಶ್ನೆಯನ್ನು ಕೆಲಸಕ್ಕೂ ಮನೆಗೂ ಹೊತ್ತು ತಿರುಗಾಡುತ್ತಿದ್ದೇನೆ. ಮಕ್ಕಳನ್ನು ತೂಕ ಮಾಡುವಾಗ ಒಮ್ಮೊಮ್ಮೆ ಮುಳ್ಳು ನಿಂತ ಮೇಲೂ ನೋಡುತ್ತಾ ನಿಂತಿರುತ್ತೇನೆ. ‘ಸಿಸ್ಟರ್, ಎಷ್ಟಿದೆ?’ ಎಂದು ತಾಯಂದಿರು ಎಚ್ಚರಿಸಬೇಕು.

ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ಬರುವ ಅಲರ್ಜಿ ಡಾಕ್ಟರನ್ನು ಕೇಳಿದೆ, ಯಾರದೋ ಮಗುವಿನ ವಿಷಯವೆನ್ನುವಂತೆ. ಎರಡು ವರ್ಷದ ಹೊತ್ತಿಗೆ, ಅಷ್ಟು ಕೆರೆತ ಇದ್ದ ಮಗುವಿನಲ್ಲಿ, ಅದು ಆಗಲೇ ಬೇರೂರಿರುವ ಸಾಧ್ಯತೆ ಹೆಚ್ಚು ಎಂದರು. ‘ಆದರೆ ಒಂದೇ ಮಗುವಿನ ವಿಷಯದಲ್ಲಿ ಹೀಗೇ ಆಗ್ತಿತ್ತು ಅಂತ ಯಾರೂ ಹೇಳೋಕಾಗಲ್ಲ. ಯಾಕೆ ಸಿಸ್ಟರ್, ನಿಮ್ಮವರಾ?’ ಎಂದರು. ಹೌದು, ನಮ್ಮವಳು ಎಂದೆ. ಹಾಗೆ ಹೇಳುವ ಹಕ್ಕು ಈಗ ನನಗಿದೆಯೋ ಇಲ್ಲವೋ ತಿಳಿಯದೆ ಹೇಳಿದೆ.

ಅವಳಿಗೆ ನೀನು ಓದಿ ಹೇಳಬೇಕೆನ್ನಿಸಿದರೆ ಇಷ್ಟು ಓದು:

ಮಿಡತೆ, ನಾನು ಅವಾಗಲೇ ಹೇಳಿದ್ದರೆ ನೀನು ಒಳಗಿರುತ್ತಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಪ್ರಾಯಶಃ ಇಲ್ಲ. ನೀನು ಕೂಸಾಗಿದ್ದಾಗಲೇ ನಾವು ಬೇರೆ ರೀತಿ ಹೇಳಿದ್ದರೆ, ಪ್ರಾಯಶಃ ಹೌದು. ಆದರೆ ಒಂದು ಮಾತ್ರ ಗೊತ್ತಿದೆ. ನಿನ್ನ ಮೂರನೇ ಹುಟ್ಟುಹಬ್ಬದ ದಿನ ನೀನು ಹೆದರಿದೆಯಲ್ಲ, ಅಷ್ಟು ಹೆದರಬೇಕಾಗಿರಲಿಲ್ಲ. ಅದು ನನ್ನಿಂದ ಆದದ್ದು. ನಿನ್ನ ಅಮ್ಮ ಹೇಳಿದ್ದನ್ನು ಹೇಳಿದಂತೆ ಮಾಡಿದಳು. ಹೇಳಬೇಕಾದವಳು ಹೇಳಲಿಲ್ಲ.

ಮರಿ, ಇನ್ನು ನಿನಗೆ. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ, ಕಾಣುತ್ತಿರಬೇಕು. ಕೇಳಿದರೆ ನೀನು ಏನಾದರೂ ಉತ್ತರ ಹೇಳಬೇಕಾಗುತ್ತದೆ. ಫೆಬ್ರುವರಿಯಲ್ಲಿ ನೀನು ಒಮ್ಮೆ ಕ್ಷಮಿಸಿದ್ದೆ, ಅದೂ ನಾನು ಅರ್ಧ ಹೇಳಿದ್ದಕ್ಕೆ. ಹನ್ನೊಂದು ದಿನ ಆ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಅಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ, ಅಷ್ಟು ಕಳ್ಳಿಯ ಹಾಗೂ ಇರಲಿಲ್ಲ.

ಈ ತಿಂಗಳುಗಳಲ್ಲಿ ಕಲಿತದ್ದು ಇಷ್ಟು: ನಿನಗೆ ಹೇಳದ ದಿನ ದಿನವೇ ಅಲ್ಲ ಅನ್ನಿಸುತ್ತದೆ. ಬಸ್ಸಿನಲ್ಲಿ ಯಾರೋ ಇಬ್ಬರು ಅಕ್ಕತಂಗಿಯರು ಒಂದೇ ಸೀಟಿಗೆ ತಳ್ಳಾಡುತ್ತಿದ್ದರೆ ನನ್ನ ಸ್ಟಾಪು ದಾಟಿಹೋಗುತ್ತದೆ. ಮಗುವಿನ ಫೋಟೋ ನೋಡಿಲ್ಲ. ಬ್ಯಾಂಕ್ ಮ್ಯಾನೇಜರ್ ಎಂದರೆ ಮುಂದಿನ ಕೂದಲು ಇಲ್ಲವೋ, ನೆತ್ತಿಯ ಕೂದಲು ಇಲ್ಲವೋ ಎಂದು ಒಬ್ಬಳೇ ಯೋಚಿಸುತ್ತೇನೆ.

ಹಿಂದಿನ ಕೋಣೆ ಬೇಡ. ನಿನ್ನ ಮನೆಯ ಹತ್ತಿರ ಎಲ್ಲಾದರೂ ಬಾಡಿಗೆಗೆ ಇರುತ್ತೇನೆ. ಒಂದು ತಿಂಗಳ ರಜೆ ಇದೆ. ರಜೆ ಯಾವಾಗಲೂ ಇತ್ತು. ಮಗುವಿಗೆ ನಾನು ಏನನ್ನೂ ತಿನ್ನಿಸುವುದಿಲ್ಲ, ಕೇಳಿದ ಹೊರತು ಏನನ್ನೂ ಹೇಳುವುದಿಲ್ಲ. ವಾರಕ್ಕೆ ಮೂರು ದಿನ ನೀನು ಮಗುವನ್ನು ಎತ್ತಿಕೊಂಡು ಒಳಗೆ ಹೋದಾಗ, ಹೊರಗಿನ ಬೆಂಚಿನ ಮೇಲೆ ಮಿಡತೆಯ ಪಕ್ಕ ಕೂರಲು ಬಿಡುತ್ತೀಯಾ? ಅವಳು ಬೇಡ ಎಂದರೆ ಬೆಂಚಿನ ಆ ತುದಿಯಲ್ಲಿ. ಅಷ್ಟೇ ನಾನು ಕೇಳುವುದು.

ಬೇಡವೆಂದರೆ ಬೇಡ ಎಂದು ಒಂದು ಸಾಲು ಬರೆ. ಹೂಂ ಎನ್ನಬೇಡ.

ಲಕೋಟೆಗೆ ಈಗಲೇ ಸ್ಟಾಂಪು ಅಂಟಿಸಿಬಿಟ್ಟಿದ್ದೇನೆ. ಕ್ಲಿನಿಕ್ಕಿನ ದಾರಿಯ ಅಂಚೆಡಬ್ಬಿಯ ಮುಂದೆ ದಿನಾ ಹಾದುಹೋಗುತ್ತೇನೆ, ಕೈ ಚೀಲದೊಳಗೆ ಹೋಗಿ ವಾಪಸು ಬರುತ್ತದೆ. ನೀನು ಹೇಳಿದ ಆರು ತಿಂಗಳು ಇನ್ನೂ ತುಂಬಿಲ್ಲ. ಇದನ್ನು ಡಬ್ಬಿಗೆ ಹಾಕುವುದು ೧೯ ಅಕ್ಟೋಬರ್ ೨೦೧೬, ಬುಧವಾರ.